ತೋಟದ ಮನೆ ಬಳಗ: ಪಿಕಪ್ಪಿನ ಫಾಗ್ ಲೈಟ್ ಗಲಾಟೆ

ಶೇಖರ್ ದೊಡ್ಡಪ್ಪ: [ವಿಡಿಯೊ, ಹಲವು ಬಾರಿ ಫಾರ್ವರ್ಡ್ ಆಗಿದೆ] "ರಿಲೇ ಬೇಡ, ಗ್ಯಾರೇಜ್ ಬೇಡ! 10 ನಿಮಿಷದಲ್ಲಿ ಫಾಗ್ ಲೈಟ್"

ಶೇಖರ್ ದೊಡ್ಡಪ್ಪ: ಕಿರಣ, ಇದನ್ನು ನೋಡು. ಭಾನುವಾರ ನಾವೇ ಹಾಕಿಬಿಡೋಣ. ದುಡ್ಡು ಉಳಿಯುತ್ತದೆ.

ನಾನು: ಲೈಟ್ ಬೇಕೇ ಬೇಕು ದೊಡ್ಡಪ್ಪ. ಮೊನ್ನೆ ರಾತ್ರಿ ಕೊಟ್ಟಿಗೆಹಾರ ದಾಟಿದ ಮೇಲೆ ರಸ್ತೆಯ ಬಿಳಿ ಗೆರೆಯೂ ಕಾಣಲಿಲ್ಲ. ಮುಂದಿದ್ದ ಬಸ್ಸಿನ ಕೆಂಪು ದೀಪ ನೋಡಿಕೊಂಡೇ ಚಾರ್ಮಾಡಿ ಇಳಿದೆ.

ರಘು ಭಾವ: ವಿಡಿಯೊ ಪೂರ್ತಿ ನೋಡಿದೆ. ಹೀಗೆ ಹಾಕಬೇಡಿ ಮಾವ.

ಶೇಖರ್ ದೊಡ್ಡಪ್ಪ: ಯಾಕಪ್ಪ? ಬರೀ 12 ವೋಲ್ಟು. ಮುಟ್ಟಿದರೆ ಶಾಕ್ ಕೂಡ ಹೊಡೆಯುವುದಿಲ್ಲ. ಮನೆಯ 230 ವೋಲ್ಟನ್ನೇ 40 ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ.

ರಘು ಭಾವ: ಶಾಕ್ ಹೊಡೆಯುವುದಿಲ್ಲ, ಸುಡುತ್ತದೆ. ವೋಲ್ಟ್ ಕಡಿಮೆ ಇರುವುದರಿಂದಲೇ ತೊಂದರೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ಅಂದರೆ 110 ವ್ಯಾಟ್. ಮನೆಯಲ್ಲಾದರೆ ಅಷ್ಟಕ್ಕೆ ಅರ್ಧ ಆಂಪಿಯರ್ ಸಾಕು. ಗಾಡಿಯಲ್ಲಿ ಸುಮಾರು 9 ಆಂಪಿಯರ್ ಹರಿಯುತ್ತದೆ. ಆ ಮಹಾಶಯ ಅಷ್ಟನ್ನೂ ಡ್ಯಾಶ್‌ಬೋರ್ಡಿನ ಪುಟಾಣಿ ಸ್ವಿಚ್ಚಿನೊಳಗೆ ತೂರಿಸಿದ್ದಾನೆ. ಒಂದು ಮಳೆಗಾಲ ಉರಿಯಬಹುದು. ಆಮೇಲೆ ಸ್ವಿಚ್ಚೇ ಕರಗುತ್ತದೆ.

ಶೇಖರ್ ದೊಡ್ಡಪ್ಪ: ಅವನಿಗೆ 4 ಲಕ್ಷ ಲೈಕ್ ಬಂದಿದೆ.

ಸುಜಾತ ಅತ್ತೆ: ಲೈಕ್ ಕೊಟ್ಟವರ ಗಾಡಿಗಳು ಈಗ ಹೇಗಿವೆ ಅಂತ ಕೇಳಿದ್ದೀಯಾ ಅಣ್ಣ?

ಶೇಖರ್ ದೊಡ್ಡಪ್ಪ: ಸುಜಾತಾ, ನೀನು ಮಗನ ಕಡೆ ಅಂತ ಎಲ್ಲರಿಗೂ ಗೊತ್ತು.

ನಾನು: ಭಾವ, ರಿಲೇ ಹಾಕಿದರೆ ಏನು ವ್ಯತ್ಯಾಸ? ಎರಡು ವೈರಿನಲ್ಲಿ ಮುಗಿಯುವ ಕೆಲಸ ಅಂತ ಅವನು ಹೇಳುತ್ತಾನಲ್ಲ.

ರಘು ಭಾವ: ರಿಲೇ ಅಂದರೆ ಸ್ವಿಚ್ಚಿನ ಬದಲು ದುಡಿಯುವ ಆಳು ಅಂದುಕೋ. ಅದರಲ್ಲಿ 85, 86 ಅಂತ ಎರಡು ಕಾಲು ಇರುತ್ತವೆ. ಕಾಯಿಲ್, ಅಂದರೆ ತಂತಿ ಸುರುಳಿ ಅಲ್ಲಿದೆ. ಅದಕ್ಕೆ ಕರೆಂಟ್ ಬಂದರೆ ಅಯಸ್ಕಾಂತದ ಹಾಗೆ ಎಳೆದು 30, 87 ಅನ್ನುವ ಇನ್ನೆರಡು ಕಾಲುಗಳನ್ನು ಕೂಡಿಸುತ್ತದೆ. ಒಂದಕ್ಕೆ ಸ್ವಿಚ್ಚಿನ ವೈರ್, ಇನ್ನೊಂದಕ್ಕೆ ಅರ್ತ್. ಕಾಯಿಲ್‌ಗೆ ಕಾಲು ಆಂಪಿಯರ್ ಕೂಡ ಬೇಡ, ಸ್ವಿಚ್ ತಣ್ಣಗಿರುತ್ತದೆ. 30ಕ್ಕೆ ಬ್ಯಾಟರಿಯಿಂದ ದಪ್ಪ ವೈರ್, ನಡುವೆ ಫ್ಯೂಸ್. 87ರಿಂದ ಲೈಟಿಗೆ. ಜಾಸ್ತಿ ಕರೆಂಟ್ ಎಲ್ಲ ಬಾನೆಟ್ ಒಳಗೇ ಓಡಾಡುತ್ತದೆ. ಕ್ಯಾಬಿನ್ನಿಗೆ ಬರುವುದೇ ಇಲ್ಲ.

ಶೇಖರ್ ದೊಡ್ಡಪ್ಪ: ಸರಿ, ರಿಲೇ ಹಾಕು. ವೈರ್ ಮಾತ್ರ ತರಬೇಡಿ. ಕೊಟ್ಟಿಗೆಗೆ ವೈರಿಂಗ್ ಮಾಡಿಸಿದಾಗ ಉಳಿದ 1 ಸ್ಕ್ವೇರ್ (ಚದರ ಮಿ.ಮೀ. ದಪ್ಪದ) ವೈರಿನ ಸುರುಳಿ ಅಟ್ಟದ ಮೇಲಿದೆ.

ರಘು ಭಾವ: ಅದನ್ನು ಸ್ವಿಚ್ಚಿನಿಂದ ರಿಲೇಗೆ ಹಾಕಿ, ಧಾರಾಳ ಆಯ್ತು. ಲೈಟಿಗೆ 2.5 ಬೇಕು. 1 ಸ್ಕ್ವೇರಿನಲ್ಲಿ 9 ಆಂಪಿಯರನ್ನು 5 ಮೀಟರ್ ಎಳೆದರೆ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 230ರಲ್ಲಿ ಅದು ಲೆಕ್ಕಕ್ಕಿಲ್ಲ. 12ರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಬೆಳಕೇ ಹೋಯಿತು.

ಕಾವ್ಯ ಅಕ್ಕ: ಇಷ್ಟೆಲ್ಲ ಯಾಕೆ? ಎಲ್‌ಇಡಿ ಬಾರ್ ತಂದು ಕ್ಯಾಬಿನ್ ಮೇಲೆ ಹಾಕೋ ಕಿರಣ. ಕರೆಂಟೂ ಕಡಿಮೆ, ನೋಡೋಕೂ ಚೆನ್ನಾಗಿರುತ್ತೆ.

ನಾನು: ಎದುರಿನವನು ಕಣ್ಣು ಕುರುಡಾಗಿ ನನಗೇ ಗುದ್ದಲಿ ಅಂತಲಾ ಅಕ್ಕ? 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗೆ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಲ್ಲಿ ಕೇಸು ಹಾಕುತ್ತಿದ್ದಾರೆ. ಹಳದಿ ಬಲ್ಬ್ ಹಾಕೋಣ. ಮಂಜನ್ನು ಸೀಳಿಕೊಂಡು ಹೋಗುತ್ತದಂತೆ.

ರಘು ಭಾವ: ಬಣ್ಣದಿಂದ ಮಂಜು ಸೀಳುವುದಿಲ್ಲ. ಹಳದಿ ಕಣ್ಣಿಗೆ ಸ್ವಲ್ಪ ಹಿತ, ಅಷ್ಟೇ. ಲೈಟ್ ಎಷ್ಟು ಕೆಳಗಿದೆ ಅನ್ನುವುದು ಮುಖ್ಯ. ಬಂಪರ್ ಹತ್ತಿರ ತಗ್ಗಿನಲ್ಲಿ ಹಾಕಿ, ಬೆಳಕು ರಸ್ತೆಗೆ ಬೀಳಬೇಕು. ಕ್ಯಾಬಿನ್ ಮೇಲಿಂದ ಬಿಟ್ಟರೆ ಮಂಜಿಗೆ ಬಡಿದು ನಿನ್ನ ಕಣ್ಣಿಗೇ ವಾಪಸ್ ಬರುತ್ತದೆ. ಮಂಜಿನಲ್ಲಿ ಹೈ ಬೀಮ್ ಹಾಕಿ ನೋಡಿದ್ದೀಯಲ್ಲ, ಬಿಳಿ ಗೋಡೆ.

ನಾನು: ಹೌದು, ಅದು ನಿಜ.

ರಘು ಭಾವ: ಇನ್ನೊಂದು. ಸ್ವಿಚ್ಚಿಗೆ ಸಪ್ಲೈ ಪಾರ್ಕಿಂಗ್ ಲೈಟಿನ ವೈರಿನಿಂದ ತಗೋ. ಪಾರ್ಕಿಂಗ್ ಲೈಟ್ ಆರಿಸಿದರೆ ಇದೂ ಆರುತ್ತದೆ. ನೇರ ಬ್ಯಾಟರಿಯಿಂದ ತಗೊಂಡು, ಮರೆತು ಮಲಗಿದರೆ ಬೆಳಿಗ್ಗೆ ಎಲ್ಲರೂ ಸೇರಿ ತಳ್ಳಬೇಕು.

ಶೇಖರ್ ದೊಡ್ಡಪ್ಪ: ಅದಾಗುವುದಿಲ್ಲ. ರಾತ್ರಿ ಶುಂಠಿ ಮೂಟೆ ಹೇರುವಾಗ ಬೆಳಕು ಬೇಡವಾ?

ರಘು ಭಾವ: ಮೂಟೆ ಹೇರುವುದು ಹಿಂದಿನಿಂದ ಮಾವ, ಫಾಗ್ ಲೈಟ್ ಇರುವುದು ಮುಂದೆ.

ಸುಜಾತ ಅತ್ತೆ: 😂

ರಘು ಭಾವ: ಕ್ಯಾಬಿನ್ನಿನ ಹಿಂದೆ ಒಂದು ಸಣ್ಣ ಎಲ್‌ಇಡಿ ಬೇರೆಯಾಗಿ ಹಾಕಿ. 18 ವ್ಯಾಟ್, ಒಂದೂವರೆ ಆಂಪಿಯರ್. ಅದಕ್ಕೆ ಬೇರೆ ಸ್ವಿಚ್, ಬೇರೆ ಸಣ್ಣ ಫ್ಯೂಸ್. ರಿಲೇ ಬೇಡ.

ಶೇಖರ್ ದೊಡ್ಡಪ್ಪ: ಒಂದು ಕಡೆ ರಿಲೇ ಬೇಕು, ಇನ್ನೊಂದು ಕಡೆ ಬೇಡ. ಇಂಜಿನಿಯರ್ ಓದಿದ್ದಕ್ಕೂ ಸಾರ್ಥಕ. ಫ್ಯೂಸ್ 30 ಆಂಪಿಯರಿಂದು ಹಾಕಿ, ಪದೇ ಪದೇ ಹೋಗುವುದಿಲ್ಲ.

ರಘು ಭಾವ: 15 ಸಾಕು. ಬ್ಯಾಟರಿಗೆ ಹತ್ತಿರವೇ ಇರಲಿ. ಫ್ಯೂಸ್ ಕಾಯುವುದು ಲೈಟನ್ನಲ್ಲ, ವೈರನ್ನು. ವೈರ್ ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಮೊದಲು ಫ್ಯೂಸ್ ಹೋಗಬೇಕು, ಗಾಡಿಯಲ್ಲ. ಕಿರಣ, ಹಾಕುವ ಮೊದಲು ಈಗಿರುವ ಫ್ಯೂಸ್ ಬಾಕ್ಸ್ ತೆಗೆದು ಒಂದು ಫೋಟೊ ಕಳಿಸು.

ಶೇಖರ್ ದೊಡ್ಡಪ್ಪ: ಅದನ್ನೆಲ್ಲ ಈಗ ಯಾಕೆ ಬಿಚ್ಚುವುದು. ಮಳೆ ಬರುವ ಹಾಗಿದೆ.

ನಾನು: [ಫೋಟೊ]

ನಾನು: ಭಾವ, ಹಾರ್ನಿನ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದೆ!

ರಘು ಭಾವ: ಅಯ್ಯೋ. ಮೊದಲು ಅದನ್ನು ಕಿತ್ತು ಹೊಸ ಫ್ಯೂಸ್ ಹಾಕು. ಅದು ಇರುವುದೂ ಒಂದೇ, ಇಲ್ಲದಿರುವುದೂ ಒಂದೇ.

ಶೇಖರ್ ದೊಡ್ಡಪ್ಪ: ಹಳೇ ಓನರ್ ಕೆಲಸ ಇರಬೇಕು.

ಸುಜಾತ ಅತ್ತೆ: ಶೋರೂಮಿನಿಂದ ಹೊಸ ಗಾಡಿಯೇ ತಂದಿದ್ದಲ್ವಾ ಅಣ್ಣ? ಚಕ್ರಕ್ಕೆ ನಿಂಬೆಹಣ್ಣು ಇಟ್ಟವಳೇ ನಾನು.

ಶೇಖರ್ ದೊಡ್ಡಪ್ಪ: ಒಂದು ಸಲ ಉಜಿರೆಯಲ್ಲಿ ಹಾರ್ನ್ ಹೋಗಿತ್ತು. ಅಂಗಡಿ ಮುಚ್ಚಿತ್ತು. ತುರ್ತಿಗೆ ಸುತ್ತಿದೆ, ತೆಗೆಯುವುದು ಮರೆತೆ. ಅದಕ್ಕೇನೀಗ?

ದೊಡ್ಡಮ್ಮ: ಏನ್ರೀ, ಗಾಡಿ ತಂದು 2 ವರ್ಷ ಆಯ್ತು. ಸಿಗರೇಟ್ ಬಿಟ್ಟು 5 ವರ್ಷ ಅಂದಿದ್ದಿರಿ.

ಶೇಖರ್ ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಶೇಖರ್ ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಮ್ಮ: ಫೋಟೊ ನನ್ನ ಫೋನಿಗೆ ಬಂದಿದೆ.