ಆರು ವರ್ಷದ ಮಗಳಿಗೆ 103 ಡಿಗ್ರಿ ಜ್ವರ: ಈ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕೇ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಆರು ವರ್ಷ, ತೂಕ 17 ಕಿಲೋ. ನಿನ್ನೆ ಮಧ್ಯಾಹ್ನ ಶಾಲೆಯಿಂದ ಬರುವಾಗಲೇ ಅವಳ ಮೈ ಸುಡುತ್ತಿತ್ತು. ಇಂದು ಸಂಜೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 103 ಡಿಗ್ರಿ ತೋರಿಸಿತು. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟರೆ ಗಂಟೆಯೊಳಗೆ 100ರ ಹತ್ತಿರಕ್ಕೆ ಇಳಿಯುತ್ತದೆ, ಆದರೆ ಐದಾರು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಏರುತ್ತದೆ. ಕೆಮ್ಮು, ನೆಗಡಿ ಇಲ್ಲ. ತಲೆನೋವು ಮತ್ತು ಕಾಲುನೋವು ಎನ್ನುತ್ತಾಳೆ. ಜ್ವರ ಇಳಿದಾಗ ಗಂಜಿ ಕುಡಿದು ತಮ್ಮನೊಡನೆ ಮಾತನಾಡುತ್ತಾಳೆ. ಮಕ್ಕಳ ತಜ್ಞರಿರುವ ಆಸ್ಪತ್ರೆ ನಮ್ಮ ಮನೆಯಿಂದ ಬಹಳ ದೂರ, ಈ ಜುಲೈ ಮಳೆಯಲ್ಲಿ ಘಟ್ಟದ ರಸ್ತೆಯೂ ಚೆನ್ನಾಗಿಲ್ಲ. ಮೂರು ದಿನ ನೋಡೋಣ ಎಂಬುದು ಅತ್ತೆಯವರ ಮಾತು, ಈಗಲೇ ಹೊರಡೋಣ ಎಂಬುದು ನಮ್ಮ ಯಜಮಾನರದು. ಎಷ್ಟು ಡಿಗ್ರಿ ದಾಟಿದರೆ ಕಾಯಬಾರದು? ಮನೆ ಕಾಡಿನ ಅಂಚಿನಲ್ಲಿರುವುದರಿಂದ ಮಂಗನ ಕಾಯಿಲೆಯ ಭಯವೂ ಇದೆ.

ಉತ್ತರ 1: ನಿವೃತ್ತ ಶುಶ್ರೂಷಕಿ, ಚಿಕ್ಕಮಗಳೂರು

ತಾಯಿ, ನಿಮ್ಮ ಪ್ರಶ್ನೆಯಲ್ಲಿ ಡಿಗ್ರಿಗಿಂತ ಮುಖ್ಯವಾದ ಉತ್ತರವನ್ನು ನೀವೇ ಬರೆದಿದ್ದೀರಿ: ಜ್ವರ ಇಳಿದಾಗ ಮಗು ಗಂಜಿ ಕುಡಿಯುತ್ತಾಳೆ, ಮಾತನಾಡುತ್ತಾಳೆ. 103 ಇದ್ದರೂ ಔಷಧದ ನಂತರ ಚೇತರಿಸಿಕೊಳ್ಳುವ ಮಗುವಿಗಿಂತ, 101 ಇದ್ದು ಕಣ್ಣು ತೆರೆಯಲೂ ಬೇಸರಿಸುತ್ತಾ ಮಲಗಿರುವ ಮಗುವಿನ ಬಗ್ಗೆ ನಾವು ಹೆಚ್ಚು ಆತಂಕಪಡುತ್ತಿದ್ದೆವು. ಆದರೆ ಮೂರು ತಿಂಗಳೊಳಗಿನ ಕೂಸಿಗೆ ಈ ಮಾತು ಖಂಡಿತ ಸಲ್ಲದು. ಆ ವಯಸ್ಸಿನಲ್ಲಿ 100.4 ಮುಟ್ಟಿದರೂ, ಕೂಸು ನಗುತ್ತಿದ್ದರೂ, ಆಗಲೇ ವೈದ್ಯರಿಗೆ ತೋರಿಸಬೇಕು.

ಈ ರಾತ್ರಿಯ ಮಟ್ಟಿಗೆ ನೀವು ಗಮನಿಸಬೇಕಾದುದು ಅವಳ ಮೂತ್ರ, ಉಸಿರು ಮತ್ತು ಎಚ್ಚರ. ಎಂಟು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಕುತ್ತಿಗೆ ಬಗ್ಗಿಸಲಾಗದಂತೆ ಬಿಗಿದಿದ್ದರೆ, ಎಬ್ಬಿಸಿದರೂ ನಿಮ್ಮನ್ನು ಗುರುತಿಸದೆ ತೊದಲಿದರೆ ಅಥವಾ ಮೈ ಸೆಟೆದು ಫಿಟ್ಸ್ ಬಂದರೆ, ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕೇ ಹೊರತು ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ.

ಸಿರಪ್ ಬಾಟಲಿಯ ಮೇಲಿನ ಬರಹವನ್ನು ಒಮ್ಮೆ ಓದಿ. 5 ಎಂ.ಎಲ್.ನಲ್ಲಿ 120 ಅಥವಾ 125 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಮಿ.ಗ್ರಾಂ ಇರುವುದೂ ಸಿಗುತ್ತದೆ. ಒಂದು ಸಲಕ್ಕೆ ಕಿಲೋಗೆ 15 ಮಿ.ಗ್ರಾಂನಂತೆ ನಿಮ್ಮ ಮಗಳಿಗೆ ಸುಮಾರು 250 ಮಿ.ಗ್ರಾಂ ಬೇಕು; ಅಂದರೆ ಗಟ್ಟಿ ಸಿರಪ್ಪಾದರೆ 5 ಎಂ.ಎಲ್., ತೆಳುವಾದರೆ 10. ಅಡುಗೆಮನೆಯ ಚಮಚ ಬಿಟ್ಟು ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ, ಎರಡು ಸಲದ ನಡುವೆ ಆರು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಚಳಿ ಎಂದಾಗ ಹೊದಿಸಬಹುದು, ಆದರೆ ಬೆವರಲಿ ಎಂದು ಕಂಬಳಿಯಲ್ಲಿ ಸುತ್ತಿಡಬೇಡಿ.

ಉತ್ತರ 2: ಅಡಿಕೆ ಬೆಳೆಗಾರ, ಸಾಗರ

ಮಂಗನ ಕಾಯಿಲೆಯ ವಿಚಾರದಲ್ಲಿ ನಾನು ಕಂಡಷ್ಟು ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ 2018–19ರಲ್ಲಿ ನಮ್ಮ ಅರಲಗೋಡು ಭಾಗವನ್ನು ಬಹಳ ಕಾಡಿತು. ಆದರೆ ಅದು ಡಿಸೆಂಬರ್‌ನಿಂದ ಮೇವರೆಗಿನ ಕಾಯಿಲೆ. ತರಗೆಲೆಯಲ್ಲಿರುವ ಉಣುಗು ಕಚ್ಚುವುದರಿಂದ ಬರುತ್ತದೆ. ಈ ಮಳೆಯಲ್ಲಿ ಅದರ ಭಯಕ್ಕಿಂತ ಮನೆಯ ಸುತ್ತ ನಿಂತ ನೀರಿನ ಭಯ ಹೆಚ್ಚಿರಬೇಕು. ಬೇಸಿಗೆಯಲ್ಲಿ ಇಂಥದೇ ಜ್ವರ ಬಂದರೆ ಮಾತ್ರ ಕಾಡಿಗೆ ಹೋದದ್ದನ್ನು, ಹತ್ತಿರದಲ್ಲಿ ಮಂಗ ಸತ್ತದ್ದನ್ನು ಮೊದಲ ದಿನವೇ ಆರೋಗ್ಯ ಕೇಂದ್ರದಲ್ಲಿ ಹೇಳಿ.

ಅಂದ ಹಾಗೆ, ನಮ್ಮ ಕಡೆ ಒಂದು ಇಂಜೆಕ್ಷನ್ ಕೊಡಿಸಿದರೆ ಜ್ವರ ಆ ರಾತ್ರಿಯೇ ಬಿಡುತ್ತದೆ. ದೂರದ ಆಸ್ಪತ್ರೆಗೆ ಹೋಗುವ ಮೊದಲು ಅದನ್ನೇಕೆ ಪ್ರಯತ್ನಿಸಬಾರದು?

ಉತ್ತರ 3: ಮಕ್ಕಳ ವೈದ್ಯ, ದಾವಣಗೆರೆ

ಸಾಗರದವರ ಕೊನೆಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಮಳೆಗಾಲದಲ್ಲಿ ನೆಗಡಿ, ಕೆಮ್ಮುಗಳಿಲ್ಲದೆ ತಲೆನೋವು, ಮೈಕೈನೋವಿನೊಡನೆ ಬರುವ ಜ್ವರ ಬೇರೆಯೆಂದು ತಿಳಿಯುವವರೆಗೆ ಅದನ್ನು ಡೆಂಗಿ ಎಂದೇ ಭಾವಿಸುವುದು ಕ್ಷೇಮ. ಜ್ವರ ಬೇಗ ಇಳಿಸಲೆಂದು ಹಲವೆಡೆ ಚುಚ್ಚುವ ಡೈಕ್ಲೊಫೆನಾಕ್ ಆಗಲಿ, ಬಾಯಿಗೆ ಕೊಡುವ ಐಬುಪ್ರೊಫೆನ್, ಆಸ್ಪಿರಿನ್‌ಗಳಾಗಲಿ ಡೆಂಗಿಯಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಸೊಂಟಕ್ಕೆ ಚುಚ್ಚಿದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಿದ ಮಕ್ಕಳನ್ನು ನಾವು ನೋಡುತ್ತೇವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು.

ಅತ್ತೆಯವರ ಮೂರು ದಿನದ ಲೆಕ್ಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯ ವೈರಸ್ ಜ್ವರಗಳಲ್ಲಿ ಅದು ತಪ್ಪಲ್ಲ. ಆದರೆ ಡೆಂಗಿಯಲ್ಲಿ ಅಪಾಯದ ಘಟ್ಟ ಆರಂಭವಾಗುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ. ಆಗ ಸಣ್ಣ ರಕ್ತನಾಳಗಳಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯಬಹುದು. ಥರ್ಮಾಮೀಟರ್ 98 ತೋರಿಸುತ್ತಿರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಮಗು ಮಾತ್ರ ಸುಸ್ತಾಗಿ ಮಲಗಿರುತ್ತದೆ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಕೈಕಾಲು ತಣ್ಣಗಾದರೆ, ಮೂಗು ಅಥವಾ ವಸಡಿನಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ, ಮಗು ಕಾರಣವಿಲ್ಲದೆ ಚಡಪಡಿಸಿದರೆ ಅದು 103 ಡಿಗ್ರಿಗಿಂತ ದೊಡ್ಡ ತುರ್ತು.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ನೀವು ಬರೆದಿರುವುದನ್ನು ನೋಡಿ ಈ ರಾತ್ರಿ ಮಳೆಯಲ್ಲಿ ಘಟ್ಟದ ರಸ್ತೆ ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ಮೇಲೆ ಶುಶ್ರೂಷಕಿಯವರು ಹೇಳಿದ ಲಕ್ಷಣಗಳಲ್ಲಿ ಒಂದು ಕಂಡರೂ ಈ ಮಾತು ರದ್ದು. ನಾಳೆ ಬೆಳಿಗ್ಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಡೆಂಗಿ ಪತ್ತೆಹಚ್ಚುವ ಎನ್‌ಎಸ್‌1 ಪರೀಕ್ಷೆಗೆ ರಕ್ತ ಕೊಡಿಸಿ. ಮೊದಲ ಐದು ದಿನಗಳಲ್ಲಿ ಉಪಯೋಗಕ್ಕೆ ಬರುವ ಪರೀಕ್ಷೆ ಅದು, ಆದರೂ ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲವೆಂದು ಹೇಳಲಾಗದು. ರಕ್ತದ ಎಣಿಕೆಯಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಒಂದನ್ನೇ ಕೇಳುತ್ತಾರೆ, ಪಿ.ಸಿ.ವಿ. (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯೇ ಎಂಬುದನ್ನೂ ವೈದ್ಯರಲ್ಲಿ ಕೇಳಿ, ಏಕೆಂದರೆ ರಕ್ತ ಗಟ್ಟಿಯಾಗುತ್ತಿರುವುದನ್ನು ಹೇಳುವುದು ಅದು. ಪಪ್ಪಾಯಿ ಎಲೆಯ ರಸವನ್ನು ಬಲವಂತವಾಗಿ ಕುಡಿಸಿ ವಾಂತಿ ಮಾಡಿಸುವ ಬದಲು ಓಆರ್‌ಎಸ್, ಗಂಜಿ, ಎಳನೀರನ್ನು ಗುಟುಕು ಗುಟುಕಾಗಿ ಕೊಡುತ್ತಿರಿ.

ಮನೆಯ ದೊಡ್ಡವರಿಗೂ ಒಂದು ಮಾತು. ಗದ್ದೆಯ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಜ್ವರದ ಜೊತೆ ಮೀನಖಂಡದಲ್ಲಿ ತೀವ್ರ ನೋವು ಮತ್ತು ಕಣ್ಣು ಕೆಂಪು ಕಂಡರೆ ಅದು ಇಲಿಜ್ವರವಿರಬಹುದು. ಅದಕ್ಕೆ ಆಂಟಿಬಯಾಟಿಕ್ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಕಾಮಾಲೆ ಕಾಣಿಸಿಕೊಳ್ಳುವವರೆಗೆ ಕಾಯಬಾರದು.

ಪ್ರಶ್ನೆ ಕೇಳಿದವರು

ಡಾಕ್ಟರೇ, ಎಲ್ಲರಿಗೂ ಧನ್ಯವಾದ. ಸಿರಪ್ 250ರದ್ದೇ ಇದೆ, ಅಳತೆ ಸರಿಯಾಗಿಯೇ ಕೊಟ್ಟಿದ್ದೇವೆ. ಸಂಜೆಯಿಂದ ಎರಡು ಬಾರಿ ಮೂತ್ರ ಹೋಗಿದೆ. ಪಕ್ಕದ ಮನೆಯವರು ತಮ್ಮ ಜೀಪನ್ನು ರಾತ್ರಿ ನಮ್ಮ ಅಂಗಳದಲ್ಲೇ ನಿಲ್ಲಿಸಿದ್ದಾರೆ, ಬೇಕಾದರೆ ಯಾವ ಹೊತ್ತಿಗಾದರೂ ಹೊರಡಬಹುದು. ಈಗ ಅವಳು ಮಲಗಿದ್ದಾಳೆ. ಆರು ಗಂಟೆಯಾಯಿತೆಂದು ಔಷಧಕ್ಕಾಗಿ ಎಬ್ಬಿಸಬೇಕೇ?

ಮಕ್ಕಳ ವೈದ್ಯ, ದಾವಣಗೆರೆ

ಆರಾಮವಾಗಿ ನಿದ್ರಿಸುತ್ತಿದ್ದರೆ ಔಷಧಕ್ಕಾಗಿ ಎಬ್ಬಿಸಬೇಡಿ. ಅವಳ ನರಳಾಟಕ್ಕೆ ಕೊಡುವ ಔಷಧವದು, ಗಡಿಯಾರ ನೋಡಿ ಕೊಡಬೇಕಾದದ್ದಲ್ಲ. ಆದರೆ ರಾತ್ರಿ ಒಂದೆರಡು ಬಾರಿ ಎಬ್ಬಿಸಿ, ನಿಮ್ಮನ್ನು ಸರಿಯಾಗಿ ಗುರುತಿಸಿ ಮಾತನಾಡುತ್ತಾಳೆಯೇ, ನಾಲ್ಕು ಗುಟುಕು ನೀರು ಕುಡಿಯುತ್ತಾಳೆಯೇ ಎಂದು ನೋಡಿ. ನಾಳೆ ಜ್ವರ ಬಿಟ್ಟಿದ್ದರೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.