ಅಪ್‌ಡೇಟ್: ನಾಲ್ಕು ಭಾಷೆ ಬಂದರೂ ಸಂಬಳ ಏರ್ತಿಲ್ಲ ಅಂದಿದ್ದೆನಲ್ಲ
ಕನ್ನಡ, ತುಳು, ಮಲಯಾಳಂ, ಹಿಂದಿ ಬಂದರೂ ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ 22 ಸಾವಿರ ದಾಟ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. 27 ಸಾವಿರಕ್ಕೆ ಕೆಲಸ ಸಿಕ್ಕಿತು!

ರೆಸ್ಯೂಮೆಯಲ್ಲಿ ಎಲ್ಲ ಭಾಷೆ ತುಂಬಿಸಿದ್ದರಿಂದ ಉಪಯೋಗ ಆಗಲಿಲ್ಲ. "ಮಲಯಾಳಂ ಮೊದಲ ಸಾಲಿಗೆ ತಾ, ಕನ್ನಡದ ಜೊತೆ ಅದನ್ನೂ ಕೇಳೋ ಕಡೆಗೇ ಅರ್ಜಿ ಹಾಕು" ಅಂತ ಆ ಪ್ರಶ್ನೆಗೆ ಉತ್ತರಿಸಿದ್ದ ಅಕ್ಕನ ಮಾತೇ ಕೈಹಿಡಿದದ್ದು. ತುಂಬಾ ಥ್ಯಾಂಕ್ಸ್ ಅಕ್ಕ. ವಾಯ್ಸ್ ಟೆಸ್ಟ್‌ನಲ್ಲಿ, ರೀಫಂಡ್ ಬರದೆ ಸಿಟ್ಟಾದ ಗಿರಾಕಿಯನ್ನು ಮಲಯಾಳಂನಲ್ಲಿ ಸಮಾಧಾನ ಮಾಡಬೇಕಿತ್ತು. ಕಾಸರಗೋಡಿನ ಅಜ್ಜಿಮನೆ ಮಾತೇ ಸಾಕಾಯ್ತು. ತುಳು ಯಾರೂ ಕೇಳಲೇ ಇಲ್ಲ, ಬೇಜಾರಾಯ್ತು.

ಒಂದು ಹೊಸ ವಿಷಯ: ಆಫರ್ ಲೆಟರ್‌ನಲ್ಲಿ ಭಾಷಾ ಭತ್ಯೆ 4 ಸಾವಿರ ಬೇರೆಯೇ ಸಾಲಲ್ಲಿತ್ತು. ಪ್ರೋಸೆಸ್ (ಅಂದ್ರೆ ನಾವು ಯಾವ ಕ್ಲೈಂಟ್ ಕಂಪನಿಯ ಕರೆ ನೋಡ್ಕೋತೀವೋ ಆ ಕೆಲಸ) ಬದಲಾದರೆ ಅದು ನಿಂತುಹೋಗುತ್ತಂತೆ. ಸಹಿಗೆ ಮೊದಲೇ ಎಚ್‌ಆರ್ ಹತ್ತಿರ ಮಾತಾಡಿ ಅದರಲ್ಲಿ 2 ಸಾವಿರ ಬೇಸಿಕ್‌ಗೆ (ಮೂಲ ಸಂಬಳಕ್ಕೆ) ಸೇರಿಸಿಕೊಂಡೆ.