ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಮೇಲೆ ತುರಿಕೆ: ಅಲರ್ಜಿ ಹೌದೋ ಅಲ್ಲವೋ ಅಂತ ನೋಡೋದು ಹೇಗೆ?

ಸಾಧನಕೇರಿಯವಳು:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ವಯಸ್ಸು 34. ಡಿಸೆಂಬರ್ ಬಂತೆಂದರೆ ನನ್ನ ಹಿಮ್ಮಡಿ ಒಡೆಯುತ್ತದೆ, ಮೊಣಕಾಲಿನ ಕೆಳಗೆ ಚರ್ಮ ಎಷ್ಟು ಒಣಗುತ್ತದೆ ಅಂದರೆ ಉಗುರು ತಾಗಿದರೆ ಸಾಕು, ಬಿಳಿ ಗೆರೆ ಬೀಳುತ್ತದೆ. ಚಿಕ್ಕಂದಿನಿಂದ ಅದಕ್ಕೆ ವ್ಯಾಸಲಿನ್ ಹಚ್ಚಿಕೊಂಡೇ ಬಂದವಳು. ನಮ್ಮ ಮನೆಯಲ್ಲಿ ಯಾವ ಕಂಪನಿಯ ಪೆಟ್ರೋಲಿಯಂ ಜೆಲ್ಲಿ ತಂದರೂ ಅದರ ಹೆಸರು ವ್ಯಾಸಲಿನ್ನೇ. ಯಾವತ್ತೂ ಏನೂ ಆಗಿರಲಿಲ್ಲ.

ಈ ಸಲ ಗುಲಾಬಿ ಬಣ್ಣದ, ಘಮ್ಮೆನ್ನುವ ಹೊಸ ಡಬ್ಬಿ ತಂದೆ. ಅದರ ಮೇಲೂ ಪೆಟ್ರೋಲಿಯಂ ಜೆಲ್ಲಿ ಅಂತಲೇ ಬರೆದಿದೆ. ಐದನೇ ದಿನ ಎರಡೂ ಕಾಲಲ್ಲಿ ಕೆಂಪು ದದ್ದು, ಸಣ್ಣ ಸಣ್ಣ ಗುಳ್ಳೆ, ರಾತ್ರಿ ನಿದ್ದೆ ಬಾರದಷ್ಟು ತುರಿಕೆ. ಹಚ್ಚೋದು ಬಿಟ್ಟೆ, ಎಂಟು ದಿನದಲ್ಲಿ ಇಳಿಯಿತು. ನಮ್ಮ ಅತ್ತೆ "ಪೆಟ್ರೋಲಿನಿಂದ ಮಾಡಿದ್ದು ಮೈಗೆ ಹಚ್ಚಿದರೆ ಇನ್ನೇನಾಗುತ್ತೆ" ಅನ್ನುತ್ತಾರೆ. ಅನುಮಾನಕ್ಕೆ ಒಂದು ರಾತ್ರಿ ಮುಂಗೈಗೆ ಸ್ವಲ್ಪ ಹಚ್ಚಿ ಮಲಗಿದೆ, ಬೆಳಿಗ್ಗೆ ಏನೂ ಇರಲಿಲ್ಲ. ಹಾಗಾದರೆ ಅಲರ್ಜಿ ಅಲ್ಲ ಅಂತಲೇ ಅರ್ಥವಾ? ಮನೆಯಲ್ಲೇ ಸರಿಯಾಗಿ ಪರೀಕ್ಷೆ ಮಾಡುವ ದಾರಿ ಇದೆಯಾ? ನನಗೆ ಚಳಿಗಾಲದಲ್ಲಿ ಜೆಲ್ಲಿ ಇಲ್ಲದೆ ಆಗೋದೇ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ರಾಗಿಮುದ್ದೆ:
ಮೇಡಂ, ಲ್ಯಾಬ್‌ನವರು ಅಲರ್ಜಿ ಪ್ಯಾಕೇಜ್ ಅಂತ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಅದನ್ನೇ ಮಾಡಿಸಿಬಿಡಿ. ಇಲ್ಲಾಂದರೆ ಜೆಲ್ಲಿ ಹಚ್ಚಿ ಮೇಲೆ ಬ್ಯಾಂಡೇಜ್ ಪಟ್ಟಿ ಅಂಟಿಸಿಕೊಂಡು ನೋಡಿ, ಒಂದೇ ದಿನದಲ್ಲಿ ಗೊತ್ತಾಗುತ್ತೆ.

ತೋಟದಮನೆ ಶಿರಸಿ:
ತಂಗಿ, ನನ್ನ ಕಥೆ ಹೇಳುತ್ತೇನೆ, ನಿನ್ನದಕ್ಕೆ ಹತ್ತಿರ ಇದೆ. ಮೂರು ವರ್ಷದ ಹಿಂದೆ ತೋಟದಲ್ಲಿ ಕಾಲಿಗೆ ಕತ್ತಿ ತಾಗಿ ಗಾಯ ಆಯಿತು. ಮುಲಾಮು ಹಚ್ಚಿದೆ. ಗಾಯ ಮಾಯುವ ಬದಲು ಸುತ್ತಲೂ ಕೆಂಪಾಗಿ ನೀರು ಒಸರಲು ಶುರುವಾಯಿತು, ನಾನು ಇನ್ನೂ ಜಾಸ್ತಿ ಹಚ್ಚಿದೆ, ಅದು ಇನ್ನೂ ಹರಡಿತು. ಮುಲಾಮಿನಲ್ಲಿ ಜಿಡ್ಡಿಗೆ ಅಂತ ಇರುವ ಪೆಟ್ರೋಲಿಯಂ ಜೆಲ್ಲಿಯದ್ದೇ ಕೆಲಸ ಅಂತ ಎಲ್ಲರೂ ಅಂದರು.

ಕೊನೆಗೆ ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿನ ಮೇಲೆ, ಸಾಲಾಗಿ, ಪುಟ್ಟ ಅಲ್ಯೂಮಿನಿಯಂ ಬಟ್ಟಲಿರುವ ಟೇಪು ಅಂಟಿಸುತ್ತಾರೆ. ಒಂದೊಂದು ಬಟ್ಟಲಲ್ಲಿ ಒಂದೊಂದು ವಸ್ತು. 48 ಗಂಟೆ ಬೆನ್ನಿಗೆ ನೀರು ತಾಗಿಸುವ ಹಾಗಿಲ್ಲ, ಬೆವರುವ ಕೆಲಸ ಮಾಡುವ ಹಾಗಿಲ್ಲ. ಅಡಿಕೆ ಕೊಯ್ಲಿನ ಹೊತ್ತಲ್ಲಿ ಸುಮ್ನೆ ಜಗಲಿ ಮೇಲೆ ಕೂತಿದ್ದೆ. ಟೇಪು ತೆಗೆದಾಗ ಏನೂ ಇಲ್ಲ. ನಾಲ್ಕನೇ ದಿನ ಮತ್ತೆ ನೋಡಿದರು, ಒಂದು ಕಡೆ ಸ್ವಲ್ಪ ಕೆಂಪು, ಅಷ್ಟೇ. ಏಳನೇ ದಿನ ಬನ್ನಿ ಅಂದರು. ಅವತ್ತು ಅದೇ ಜಾಗ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿ, ಒಳಗೆ ಸಾಸಿವೆ ಕಾಳಿನಂಥ ಗುಳ್ಳೆ ಎದ್ದಿತ್ತು. ಅದು ನಿಯೋಮೈಸಿನ್. ಗಾಯದ ಮುಲಾಮಿನಲ್ಲಿ ಇರುವ ಆಂಟಿಬಯೋಟಿಕ್.

ನಿನಗೆ ಮುಖ್ಯವಾದ ಮಾತು ಇದು. ಆ ಸಾಲಿನಲ್ಲಿ ಒಂದು ಬಟ್ಟಲಲ್ಲಿ ಬರೀ ವ್ಯಾಸಲಿನ್ ಇತ್ತು. ಯಾಕೆ ಅಂತ ಕೇಳಿದೆ. ಉಳಿದ ಹೆಚ್ಚಿನ ವಸ್ತುಗಳನ್ನು ಅದರಲ್ಲೇ ಕಲಸಿರುತ್ತಾರಂತೆ, ಹಾಗಾಗಿ ಅದೊಂದನ್ನೇ ಬೇರೆ ಇಟ್ಟು ಹೋಲಿಸಿ ನೋಡುತ್ತಾರಂತೆ. ಅಲರ್ಜಿ ತರೋದು ತೀರಾ ಅಪರೂಪ ಅಂತಲೇ ಅಲ್ವಾ ಅದನ್ನು ಆರಿಸಿಕೊಂಡಿರೋದು?

ಪೀಣ್ಯ ಕೆಮಿಸ್ಟ್:
ಶಿರಸಿ ಅಣ್ಣ ಹೇಳಿದ್ದು ಸರಿ. ನಾನು ಕ್ರೀಮು, ಮುಲಾಮು ತಯಾರಿಸುವ ಘಟಕದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ: ಇದು ಬರೋದು ಕಚ್ಚಾ ತೈಲದಿಂದಲೇ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಣ್ಣೆ ಬಾವಿ ತೋಡಿದಾಗ ಪಂಪಿನ ಸರಳುಗಳಿಗೆ ಮೇಣದಂಥ ಜಿಡ್ಡು ಹಿಡಿಯುತ್ತಿತ್ತು, ಕೆಲಸಗಾರರು ಅದನ್ನೇ ಸುಟ್ಟ ಗಾಯಕ್ಕೆ, ಕೊಯ್ದ ಗಾಯಕ್ಕೆ ಹಚ್ಚುತ್ತಿದ್ದರು. ರಾಬರ್ಟ್ ಚೀಸ್‌ಬ್ರೋ ಅನ್ನುವ ಕೆಮಿಸ್ಟ್ ಅದನ್ನು ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ಪಡೆದ. ಆದರೆ ಪೆಟ್ರೋಲ್ ಬೇರೆ, ಇದು ಬೇರೆ. ಚೆನ್ನಾಗಿ ಶುದ್ಧ ಮಾಡಿದ ಬಿಳಿ ಜೆಲ್ಲಿ ಚರ್ಮದ ಮೇಲೆ ಸುಮ್ನೆ ಕೂತಿರುತ್ತದೆ, ಒಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಹಳದಿ ಜೆಲ್ಲಿ ಅಷ್ಟು ಶುದ್ಧ ಮಾಡಿರೋದಿಲ್ಲ. ನಿಜವಾಗಿಯೂ ಜೆಲ್ಲಿಗೇ ಅಲರ್ಜಿ ಆದ ಬೆರಳೆಣಿಕೆಯ ಪ್ರಕರಣಗಳಲ್ಲಿ ಅನುಮಾನ ಹೋಗೋದು ಹೀಗೆ ಉಳಿದುಕೊಂಡ ಕಲ್ಮಶಗಳ ಮೇಲೆ.

ನಿಮ್ಮ ಡಬ್ಬಿಯ ಹಿಂಬದಿ ಓದಿ. ಜೆಲ್ಲಿಯಲ್ಲಿ ನೀರೇ ಇರೋದಿಲ್ಲ, ಆದ್ದರಿಂದ ಕೆಡದಂತೆ ಏನೂ ಹಾಕಬೇಕಾಗಿಲ್ಲ. ಸಾದಾ ಡಬ್ಬಿಯಲ್ಲಿ ಒಂದೋ ಎರಡೋ ಹೆಸರಿರುತ್ತದೆ. ನಿಮ್ಮದರಲ್ಲಿ ಬಣ್ಣ ಇದೆ, ಪರ್ಫ್ಯೂಮ್ ಅನ್ನುವ ಪದ ಖಂಡಿತ ಇರುತ್ತದೆ. ಆ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕ ಇರಬಹುದು. ಚರ್ಮದ ಅಲರ್ಜಿಗೆ ದೊಡ್ಡ ಕಾರಣಗಳಲ್ಲಿ ಸುವಾಸನೆಯೂ ಒಂದು. ಲ್ಯಾನೋಲಿನ್ ಇದೆಯಾ ಅಂತಲೂ ನೋಡಿ, ಅದು ಕುರಿ ಉಣ್ಣೆಯ ಜಿಡ್ಡು, ಕೆಲವರಿಗೆ ಆಗೋದಿಲ್ಲ.

ಮಂಗಳೂರು ಸಿಸ್ಟರ್:
ಚರ್ಮ ವಿಭಾಗದ ಒಪಿಡಿಯಲ್ಲಿ ನರ್ಸ್ ನಾನು. ಮೊದಲು ರಾಗಿಮುದ್ದೆ ಸರ್‌ಗೆ: ದಯವಿಟ್ಟು ಆ ಎರಡೂ ಸಲಹೆ ಬೇಡ. ರಕ್ತದಲ್ಲಿ ನೋಡುವ ಐಜಿಇ ಪರೀಕ್ಷೆ ದೂಳು, ಆಹಾರದಂಥ ತಕ್ಷಣದ ಅಲರ್ಜಿಗೆ. ಹಚ್ಚಿದ ವಸ್ತುವಿನಿಂದ ತಡವಾಗಿ ಬರುವ ಅಲರ್ಜಿ ಅದರಲ್ಲಿ ಸಿಗೋದಿಲ್ಲ, ದುಡ್ಡು ದಂಡ. ಮನೆಯಲ್ಲಿ ಪಟ್ಟಿ ಅಂಟಿಸಿ ಮುಚ್ಚಿದರೆ ಪಟ್ಟಿಯ ಅಂಟಿಗೇ ಚರ್ಮ ಕೆಂಪಾಗಬಹುದು. ನೋವಿನ ಬಾಮ್‌ನಂಥದ್ದನ್ನು ಹಾಗೆ ಮುಚ್ಚಿಕೊಂಡು ಚರ್ಮ ಸುಟ್ಟುಕೊಂಡು ಬಂದವರನ್ನು ನಾನೇ ನೋಡಿದ್ದೇನೆ.

ಅಕ್ಕಾ, ನಿಮ್ಮ ಒಂದು ರಾತ್ರಿಯ ಪರೀಕ್ಷೆಯಿಂದ ಏನೂ ತಿಳಿಯೋದಿಲ್ಲ. ಈ ಅಲರ್ಜಿ ನಿಧಾನ. ದೇಹಕ್ಕೆ ಮೊದಲೇ ಆ ವಸ್ತುವಿನ ಪರಿಚಯ ಇದ್ದರೂ ಎರಡು ಮೂರು ದಿನ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಹೀಗೆ ಮಾಡಿ. ಕಾಲು ಪೂರ್ತಿ ವಾಸಿಯಾದ ಮೇಲೆ, ಎಡ ಮೊಣಕೈ ಮಡಿಕೆಯ ಹತ್ತಿರ ಒಳಭಾಗದಲ್ಲಿ ಪೆನ್ನಿಂದ ಒಂದು ರೂಪಾಯಿ ನಾಣ್ಯದಷ್ಟು ದುಂಡಗೆ ಗುರುತು ಹಾಕಿ. ಅಲ್ಲಿಗೆ ವಾಸನೆ, ಬಣ್ಣ ಇಲ್ಲದ ಸಾದಾ ಬಿಳಿ ಜೆಲ್ಲಿ. ಬಲಗೈಯಲ್ಲಿ ಅದೇ ಜಾಗಕ್ಕೆ ಗುಲಾಬಿ ಡಬ್ಬಿಯದ್ದು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ದಿನವೂ ಅದೇ ಜಾಗ, 7ರಿಂದ 10 ದಿನ. ಮುಚ್ಚಬೇಡಿ. ಬೇರೆ ಕ್ರೀಮು ಅಲ್ಲಿಗೆ ಬೇಡ. ಪೆನ್ ಗುರುತು ಸ್ನಾನದಲ್ಲಿ ಹೋಗುತ್ತದೆ, ದಿನಾ ತಿದ್ದಿಕೊಳ್ಳಿ. ಕೆಂಪು, ತುರಿಕೆ ಶುರುವಾದ ಕೂಡಲೇ ತೊಳೆದು ನಿಲ್ಲಿಸಿ, ಧೈರ್ಯ ತೋರಿಸೋಕೆ ಹೋಗಬೇಡಿ. ಮುಖ, ತುಟಿ ಊದಿದವರು, ಉಸಿರು ಕಟ್ಟಿದವರು ಇದನ್ನು ಮಾಡಲೇಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು ಕೇಳಲೇಬೇಕು. ಜೆಲ್ಲಿ ಹಚ್ಚುವ ಮುಂಚೆ ಕಾಲಿಗೆ ವ್ಯಾಕ್ಸ್ ಅಥವಾ ಶೇವ್ ಮಾಡಿದ್ದಿರಾ? ಹಚ್ಚಿದ ಮೇಲೆ ಬಿಗಿ ಲೆಗಿಂಗ್ಸ್ ಹಾಕಿದ್ದಿರಾ? ದಪ್ಪಗೆ ಹಚ್ಚಿ ಮುಚ್ಚಿದರೆ ಬೆವರು ಒಳಗೇ ನಿಂತು ಬೆವರುಸಾಲೆ ಏಳುತ್ತದೆ, ಕೂದಲಿನ ಬುಡದಲ್ಲಿ ಕೀವು ಗುಳ್ಳೆ ಆಗುತ್ತದೆ. ನೋಡೋಕೆ ಅಲರ್ಜಿ ಹಾಗೇ ಇರುತ್ತದೆ, ಆದರೆ ಅಲರ್ಜಿ ಅಲ್ಲ.

ಸಾಧನಕೇರಿಯವಳು:
ವ್ಯಾಕ್ಸ್ ಮಾಡಿರಲಿಲ್ಲ ಸಿಸ್ಟರ್, ಮನೆಯಲ್ಲಿ ನೈಟಿ ಅಷ್ಟೇ. ಡಬ್ಬಿ ಹಿಂದೆ ಓದಿದೆ, ಪರ್ಫ್ಯೂಮ್ ಇದೆ, ಎರಡು ಬಣ್ಣದ ನಂಬರ್ ಇದೆ, ಲ್ಯಾನೋಲಿನ್ ಇಲ್ಲ. ಇವತ್ತಿಂದ ಶುರು ಮಾಡುತ್ತೇನೆ.

ಸಾಧನಕೇರಿಯವಳು (ಎಂಟು ದಿನದ ನಂತರ):
ಮೊದಲ ಮೂರು ದಿನ ಎರಡೂ ಕೈ ಒಂದೇ ಥರ ಇದ್ದವು, ನಿಲ್ಲಿಸಿಬಿಡೋಣ ಅನ್ನಿಸಿತ್ತು. ನಾಲ್ಕನೇ ದಿನ ಸಂಜೆ ರೊಟ್ಟಿ ಬಡಿಯುವಾಗ ಬಲಗೈ ಮಡಿಕೆಯಲ್ಲಿ ಚುರುಚುರು ಅಂತು. ಬೆಳಿಗ್ಗೆ ನೋಡಿದರೆ ವೃತ್ತದೊಳಗೆ ಪೂರ್ತಿ ಕೆಂಪು, ಅಂಚು ದಾಟಿ ಸ್ವಲ್ಪ ಹೊರಗೂ ಬಂದಿತ್ತು, ಬೆರಳಾಡಿಸಿದರೆ ರವೆ ರವೆ. ತಕ್ಷಣ ತೊಳೆದೆ, ಫೋಟೊ ತೆಗೆದಿಟ್ಟೆ. ಎಡಗೈ ಇವತ್ತಿಗೂ ಸ್ವಚ್ಛ. ಅತ್ತೆಗೆ ಎರಡೂ ಕೈ ಪಕ್ಕಪಕ್ಕ ಹಿಡಿದು ತೋರಿಸಿದೆ, ಅವರೂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಮಂಗಳೂರು ಸಿಸ್ಟರ್:
ತುಂಬಾ ಚೆನ್ನಾಗಿ ಮಾಡಿದಿರಿ ಅಕ್ಕಾ. ಸಾದಾದ್ದು ಹಚ್ಚುತ್ತಾ ಇರಿ. ಆದರೆ ಡಬ್ಬಿ ಬಿಸಾಡಬೇಡಿ, ಹಾಗೇ ಡಾಕ್ಟರ ಹತ್ತಿರ ಒಯ್ಯಿರಿ. ಸುವಾಸನೆಯಲ್ಲಿ ಯಾವುದು ಅಂತ ಪ್ಯಾಚ್ ಟೆಸ್ಟ್‌ನಲ್ಲಿ ನೋಡಬೇಕು, ಯಾಕಂದರೆ ಅದೇ ವಸ್ತು ನಿಮ್ಮ ಸೋಪು, ಪೌಡರ್, ತಲೆಗೆ ಹಚ್ಚುವ ಎಣ್ಣೆಯಲ್ಲೂ ಇರಬಹುದು. ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ, ಬೆನ್ನಿಗೆ ಯಾವುದಾದರೂ ಸ್ಟೀರಾಯ್ಡ್ ಕ್ರೀಮ್ ಹಚ್ಚುತ್ತಿದ್ದರೆ ಮೊದಲೇ ಹೇಳಿ, ಇಲ್ಲಾಂದರೆ ಟೆಸ್ಟ್‌ನಲ್ಲಿ ಇರುವ ಅಲರ್ಜಿಯೂ ಕಾಣದೆ ಹೋಗಬಹುದು.

ಸಾಧನಕೇರಿಯವಳು:
ಗುರುವಾರಕ್ಕೆ ಚೀಟಿ ಮಾಡಿಸಿದ್ದೇನೆ. ಡಬ್ಬಿ, ಸೋಪಿನ ಕವರ್, ಎಣ್ಣೆ ಬಾಟಲಿ ಎಲ್ಲ ಒಂದು ಚೀಲದಲ್ಲಿ ಹಾಕಿಟ್ಟೆ. ಏನಾಯಿತು ಅಂತ ಇಲ್ಲೇ ಬಂದು ಬರೆಯುತ್ತೇನೆ.